ದುರ್ಗಾಳ ಬಾಯಿ, ನನ್ನ ನಗು

ಉಸ್ತಾದರೂ ಸಿನಿಮಾ ನೋಡ್ತಾರಾ ಎಂದು ಕೇಳಬೇಡಿ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಟಿ.ವಿ. ಮುಂದೆ ಕೂತು ನೋಡಿದ್ದೇನೆ, ಅದಕ್ಕೆ ಉಮ್ಮನಿಂದ ಬೈಗುಳವನ್ನೂ ತಿಂದಿದ್ದೇನೆ. ಆಗ ಮೆಚ್ಚಿದ ಚಿತ್ರ 'ಸಂಪತ್ತಿಗೆ ಸವಾಲ್'. 1974ರದ್ದು, ಎ.ವಿ. ಶೇಷಗಿರಿರಾವ್ ನಿರ್ದೇಶನ. ಬಡವ ಭದ್ರನಾಗಿ ರಾಜ್‌ಕುಮಾರ್, ಶ್ರೀಮಂತರ ಮನೆಯ ಸೊಕ್ಕಿನ ಹುಡುಗಿ ದುರ್ಗಾ ಆಗಿ ಮಂಜುಳಾ. ಎಮ್ಮೆಯ ಮೇಲೆ ಕೂತು ರಾಜ್ ಹಾಡುವ ಹಾಡನ್ನು ಯಾರು ಮರೆತಾರು!

ಮೊನ್ನೆ ಊರಿನಿಂದ ಅಕ್ಕ ಬಂದಿದ್ದಳು. ಸಂಜೆ ಎಲ್ಲರೂ ಸೂಳೆಕೆರೆ ಏರಿ ಮೇಲೆ ಓಡಾಡಿ ಬಂದೆವು. ರಾತ್ರಿ ಊಟದ ಮೇಲೆ ಮೊಬೈಲಿನಲ್ಲಿ ಅದೇ ಚಿತ್ರ. ಹಿಂದೆ ನಕ್ಕ ಜಾಗದಲ್ಲೇ ಮತ್ತೆ ನಕ್ಕೆ. ಪಕ್ಕದಲ್ಲಿ ಡಿಗ್ರಿ ಓದುವ ಮಗಳು ನಗಲಿಲ್ಲ.

"ಉಪ್ಪಾ, ಭದ್ರ ಜೋರು ಮಾತಾಡಿದ್ರೆ ಧೈರ್ಯ, ದುರ್ಗಾ ಮಾತಾಡಿದ್ರೆ ಬಜಾರಿ. ಇದ್ಯಾವ ಲೆಕ್ಕ?"

ಅವಳದ್ದು ಹಣದ ಸೊಕ್ಕು ಮೋಳೆ, ಅದನ್ನು ಮುರಿಯಬೇಕಲ್ವಾ ಎಂದೆ. ಹೇಳಿದ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಹಣದ ಸೊಕ್ಕು ತಪ್ಪೇ. ಆದರೆ ಚಿತ್ರಕ್ಕೆ ಸಿಟ್ಟು ಬರುವುದು ಹೆಣ್ಣೊಬ್ಬಳು ಗಂಡಿನೆದುರು ದನಿ ಎತ್ತಿದ್ದಕ್ಕೂ ಹೌದು. ಅವಳು ಬಗ್ಗಿದಾಗಲೇ ನಾವು ಚಪ್ಪಾಳೆ ತಟ್ಟುವುದು. ಖದೀಜಾ ಬೀವಿ (ರ) ಸ್ವಂತ ವ್ಯಾಪಾರ ನಡೆಸಿದವರು, ಸರಕನ್ನು ಶಾಮ್ ದೇಶಕ್ಕೆ ಕಳಿಸಿದವರು, ಮದುವೆಯ ಪ್ರಸ್ತಾಪವೂ ಅವರ ಕಡೆಯಿಂದಲೇ ಬಂದಿದ್ದು. ಮದ್ರಸದಲ್ಲಿ ವರ್ಷಾ ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ. ಮನೆಗೆ ಬಂದರೆ ಪಾಠ ಬೇರೆ.

ಸುಮ್ಮನೆ ಹೇಳುತ್ತಿಲ್ಲ. ಹಿಂದಿನ ವಾರವಷ್ಟೇ ಮದುವೆ ಬ್ರೋಕರ್ ಒಂದು ಸಂಬಂಧ ತಂದಿದ್ದರು. "ನಿಮ್ಮ ಹುಡುಗಿಗೆ ಬಾಯಿ ಸ್ವಲ್ಪ ಜೋರಂತೆ, ಪರವಾಗಿಲ್ಲ ಉಸ್ತಾದ್, ಮದುವೆ ಆದ್ರೆ ಸರಿ ಆಗ್ತಾಳೆ" ಅಂದಿದ್ದರು. ನಾನು ತಲೆಯಾಡಿಸಿ ಚಹಾ ಕೊಟ್ಟು ಕಳಿಸಿದ್ದೆ. ಒಳಗಿದ್ದ ಮಗಳಿಗೆ ಆ ಮಾತು ಕೇಳಿಸಿತ್ತು ಎಂದು ಗೊತ್ತಾದದ್ದು ಆ ರಾತ್ರಿಯೇ.

ಅಕ್ಕ ಅಷ್ಟರವರೆಗೂ ಸುಮ್ಮನಿದ್ದಳು. ಈ ಕೆರೆಯನ್ನು ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಇಲ್ಲಿಯವರು ಹೇಳುವ ಕಥೆಯನ್ನು ಸಂಜೆಯಷ್ಟೇ ಕೇಳಿದ್ದಳು. "ಇಷ್ಟು ದೊಡ್ಡ ಕೆರೆ ಕಟ್ಟಿಸಿದವಳು ಮೆತ್ತಗೆ ಮಾತಾಡಿಯೇ ಕೆಲಸ ಮಾಡಿಸಿದ್ಲಾ?" ಎಂದಳು. ಮಗಳು ಆಗ ನಕ್ಕಳು.

ನಿನ್ನೆ ಬ್ರೋಕರ್ ಮತ್ತೆ ಫೋನ್ ಮಾಡಿದರು. 'ಸರಿ ಆಗ್ತಾಳೆ' ಅನ್ನುವ ಮಾತನ್ನು ಮೊದಲು ವಾಪಸ್ ತಗೊಳ್ಳಿ, ಮಿಕ್ಕಿದ್ದು ಆಮೇಲೆ ಮಾತಾಡೋಣ ಎಂದೆ. ಅವರ ಫೋನ್ ಇನ್ನೂ ಬಂದಿಲ್ಲ.