ಕಾಡು ದಾಟಿ ತಲಕಾಡಿನ ಮರಳಿಗೆ: ಐದು ದಿನಗಳ ಸೈಕಲ್ ಸುತ್ತು

ಚೆನ್ನೈ: ಭಾನುವಾರ ಬೆಳಗಿನ ಜಾವ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಮಹಾಬಲಿಪುರದವರೆಗೆ ಸೈಕಲ್ ತುಳಿದು, ಇಡ್ಲಿ ತಿಂದು ಹಿಂತಿರುಗುವವರ ಸಾಲಿನಲ್ಲಿ ನಗರದ ಕನ್ನಡಿಗರೂ ಇದ್ದಾರೆ. ಸಮುದ್ರದ ಗಾಳಿ ಎದುರಾದರೆ ಕಷ್ಟ, ಅಷ್ಟೆ. ಉಳಿದಂತೆ ಆ ರಸ್ತೆ ಸಪಾಟು. ಏರು, ಕಲ್ಲುಮಣ್ಣು, ಕಾಡು, ಮರಳು ಎಲ್ಲವೂ ಒಂದೇ ಸುತ್ತಿನಲ್ಲಿ ಬೇಕೆನ್ನುವವರು ರಾಜಸ್ಥಾನಕ್ಕೆ ಹೋಗಬೇಕಿಲ್ಲ. ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿನಲ್ಲಿ ಇಳಿದರೆ ಸಾಕು.

ಡಾಂಬರು ಬಿಟ್ಟು ಜಲ್ಲಿ, ಮಣ್ಣಿನ ದಾರಿಯಲ್ಲಿ ದೂರ ಸಾಗುವ 'ಗ್ರಾವೆಲ್' ಸೈಕ್ಲಿಂಗ್ ಈಗ ಹೊರದೇಶಗಳಲ್ಲಿ ದೊಡ್ಡ ಹವ್ಯಾಸ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ 200 ಮೈಲಿ ಸ್ಪರ್ಧೆ ಇದಕ್ಕೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಇದಕ್ಕೆ ದುಬಾರಿ ಸೈಕಲ್ಲೇ ಬೇಕೆಂದಿಲ್ಲ. ಅಗಲ ಟೈರು, ಏರಿಗೆ ಹಗುರವಾದ ಗೇರು ಮತ್ತು ನಂಬಿಕೆಯ ಬ್ರೇಕು ಇರುವ ಸಾಧಾರಣ ಸೈಕಲ್ ಸಾಕು.

ದಾರಿ ಯಾವುದು?

ಒಟ್ಟು ಸುಮಾರು 350 ಕಿ.ಮೀ. ಮೊದಲ ದಿನ ಮೈಸೂರಿನಿಂದ ನಂಜನಗೂಡು ಮಾರ್ಗವಾಗಿ ಚಾಮರಾಜನಗರ. ಎರಡನೇ ದಿನ ತಾಳವಾಡಿ, ಆಸನೂರು, ದಿಂಬಂ ಘಾಟಿ ಇಳಿದು ಬಣ್ಣಾರಿ, ಸತ್ಯಮಂಗಲ. ಮೂರನೇ ದಿನ ಗೋಬಿಚೆಟ್ಟಿಪಾಳ್ಯದ ಕಡೆಯಿಂದ ಅಂದಿಯೂರು. ನಾಲ್ಕನೇ ದಿನ ಬರಗೂರು ಬೆಟ್ಟ ಹತ್ತಿ ಗರಿಕೆಕಂಡಿಯ ಮೂಲಕ ಮತ್ತೆ ಕರ್ನಾಟಕ ಪ್ರವೇಶಿಸಿ ರಾಮಾಪುರ, ಹನೂರು, ಕೊಳ್ಳೇಗಾಲ. ಐದನೇ ದಿನ ತಲಕಾಡಿನ ಮರಳು ನೋಡಿ ಮೈಸೂರು, ರಾತ್ರಿ ಚೆನ್ನೈ ರೈಲು.

ಈ ದಾರಿಯಲ್ಲಿ ಕನ್ನಡಿಗರಿಗೆ ಭಾಷೆಯ ತೊಂದರೆಯೇ ಇಲ್ಲ. ಈರೋಡ್ ಜಿಲ್ಲೆಗೆ ಸೇರಿದ್ದರೂ ತಾಳವಾಡಿಯ ಮನೆಮಾತು ಬಹುಪಾಲು ಕನ್ನಡ. ವರನಟ ಡಾ. ರಾಜ್‌ಕುಮಾರ್ ಹುಟ್ಟೂರು ಗಾಜನೂರು ಇರುವುದು ಇಲ್ಲೇ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಪಹರಿಸಿದ್ದೂ ಇಲ್ಲಿಂದಲೇ. 108 ದಿನ ಅವರನ್ನು ಬಚ್ಚಿಟ್ಟಿದ್ದು ಈ ಸೀಮೆಯ ಕಾಡುಗಳಲ್ಲೇ ಎಂಬುದನ್ನು ನೆನೆದರೆ ಕಾಡಿನ ದಟ್ಟಣೆಯ ಅಂದಾಜು ಸಿಗುತ್ತದೆ. ಬರಗೂರು ಬೆಟ್ಟದಲ್ಲೂ ಕನ್ನಡ ಮಾತಾಡುವ ಕುಟುಂಬಗಳಿವೆ. ಕಂದು ಮೈಮೇಲೆ ಬಿಳಿ ಮಚ್ಚೆಯ ಬರಗೂರು ದನಗಳ ತವರು ಅದು.

ಕಾಡಿನ ಗಡಿಯಾರ

ಡಾಂಬರು ರಸ್ತೆಯ ಬ್ರೆವೆ ಸವಾರಿಗಳಲ್ಲಿ 300 ಕಿ.ಮೀ.ಗೆ 20 ಗಂಟೆ ಅವಧಿ. ಅದನ್ನು ಒಂದೇ ಓಟದಲ್ಲಿ ಮುಗಿಸುವವರು ಚೆನ್ನೈನಲ್ಲೂ ಇದ್ದಾರೆ. ಹಾಗಿದ್ದರೆ ಇದಕ್ಕೆ ಐದು ದಿನ ಏಕೆ ಎಂಬ ಪ್ರಶ್ನೆ ಸಹಜ. ಬ್ರೆವೆಯವರ ಬಲ ರಾತ್ರಿ ಸವಾರಿ. ಇಲ್ಲಿ ಸಲ್ಲದಿರುವುದು ಅದೇ. 2013ರಲ್ಲಿ ಹುಲಿ ರಕ್ಷಿತಾರಣ್ಯವಾದ ಸತ್ಯಮಂಗಲ ಕಾಡು 1,400 ಚದರ ಕಿ.ಮೀ.ಗೂ ಹೆಚ್ಚು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರಿಂದ ದಿಂಬಂ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ನಿರ್ಬಂಧದ ಗಂಟೆಗೆ ಮೊದಲೇ ಬಿಸಿಲು ಇಳಿದಾಗ ಆನೆಗಳು ರಸ್ತೆಗೆ ಬರುತ್ತವೆ. ಆದ್ದರಿಂದ ಬೆಳಗ್ಗೆ ಎಂಟಕ್ಕೆ ಮುಂಚೆ, ಮಧ್ಯಾಹ್ನ ಮೂರರ ನಂತರ ಕಾಡಿನೊಳಗೆ ಇರದಂತೆ ದಿನವನ್ನು ಹೊಂದಿಸಿಕೊಳ್ಳಬೇಕು. ಬೆಳಗ್ಗೆ ಪಂಕ್ಚರ್ ಆಗಿ ಒಂದೆರಡು ಗಂಟೆ ಹೋದರೆ, ಮುಂದಿನ ಊರಿಗೆ ಹೋಗುವ ಹಟ ಬಿಟ್ಟು ಆಸನೂರಿನಲ್ಲೇ ಉಳಿಯುವುದು ಜಾಣತನ.

ಆಸನೂರಿನ ಹತ್ತಿರ ಕಾರಪಳ್ಳಂ ಚೆಕ್‌ಪೋಸ್ಟ್ ಇದೆ. ತಾಳವಾಡಿಯಿಂದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಲಾರಿಗಳು ಇಲ್ಲಿ ಹಾದು ಹೋಗುತ್ತವೆ. ಕಬ್ಬಿನ ರುಚಿ ಕಂಡ ಆನೆಗಳು ರಸ್ತೆ ಬದಿಯಲ್ಲೇ ಕಾದು ನಿಲ್ಲುವುದುಂಟು. ಲಾರಿಯವನಿಗೆ ಕ್ಯಾಬಿನ್ ಇದೆ, ಸೈಕಲ್ ಸವಾರನಿಗೆ ಏನೂ ಇಲ್ಲ. ಆನೆ ಕಂಡರೆ ದೂರದಲ್ಲೇ ನಿಂತು, ಸದ್ದಿಲ್ಲದೆ ಹಿಂದಕ್ಕೆ ಸರಿದು, ಬಸ್ಸು ಬರುವ ತನಕ ಕಾಯಬೇಕು. ಫೋಟೊ ತೆಗೆಯುವ ಆಸೆ ಬೇಡ. ಕಿವಿಗೆ ಇಯರ್‌ಫೋನ್ ಕೂಡ ಬೇಡ.

ಮುಖ್ಯವಾದ ಇನ್ನೊಂದು ಮಾತು: ಅರಣ್ಯದೊಳಗಿನ ಮಣ್ಣು ದಾರಿಗಳು ನಕ್ಷೆಯಲ್ಲಿ ಎಷ್ಟೇ ಆಸೆ ಹುಟ್ಟಿಸಿದರೂ ಅವು ಸವಾರಿಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಒಳಹೊಕ್ಕರೆ ಅಪರಾಧ. ಸಾರ್ವಜನಿಕ ರಸ್ತೆಯಲ್ಲೂ ಸೈಕಲ್ ಬಿಡುತ್ತಾರೆಯೇ ಎಂದು ಎರಡೂ ರಾಜ್ಯಗಳ ಅರಣ್ಯ ಕಚೇರಿಗಳಲ್ಲಿ ಮೊದಲೇ ವಿಚಾರಿಸಬೇಕು. ಬೇಡವೆಂದರೆ ವಾದ ಬೇಡ, ಆಸನೂರಿನಿಂದ ಬಣ್ಣಾರಿಗೆ ಗೂಡ್ಸ್ ಆಟೊದಲ್ಲಿ ಸೈಕಲ್ ಸಾಗಿಸಬಹುದು.

ಇಳಿಯುವುದೋ, ಹತ್ತುವುದೋ?

ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಸುತ್ತನ್ನು ಉಲ್ಟಾ ಮಾಡಿದರೆ ಇದನ್ನು ಹತ್ತಬೇಕಾಗುತ್ತದೆ. ಲಾರಿಗಳ ನಡುವೆ ನಿಧಾನವಾಗಿ ಏರುವಾಗ ಅಪಾಯದ ಹೊತ್ತು ಹೆಚ್ಚು. ಚಾಮರಾಜನಗರದ ಕಡೆಯಿಂದ ಬಂದರೆ ದಿಂಬಂ ಬೇಗ ಇಳಿದು ಮುಗಿಯುತ್ತದೆ. ಹತ್ತುವ ಶ್ರಮ ವಾಹನ ಕಡಿಮೆಯಿರುವ ಬರಗೂರು ಘಾಟಿಗೆ ಉಳಿಯುತ್ತದೆ. ಆ ದಿನವೇ ಸುತ್ತಿನ ನಿಜವಾದ ಪರೀಕ್ಷೆ. ಅಂದಿಯೂರು ಬಿಟ್ಟ ಮೇಲೆ ಅಂಗಡಿ, ಫೋನ್ ಸಿಗ್ನಲ್ ಎರಡನ್ನೂ ನಂಬುವಂತಿಲ್ಲ. ತಲೆಗೆ ಮೂರು ಲೀಟರ್ ನೀರು, ಎರಡು ಟ್ಯೂಬು, ಚೈನ್ ಕೊಂಡಿ, ಪಂಪು ಕಡ್ಡಾಯ.

ಜಲ್ಲಿಮಣ್ಣಿನ ಆಸೆ ತೀರುವುದು ಮೂರನೇ ದಿನ. 1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟೆಯಿಂದ ಹೊರಡುವ ಕೆಳಭವಾನಿ ಕಾಲುವೆ ಸುಮಾರು 200 ಕಿ.ಮೀ. ಉದ್ದದ್ದು. ಅದರ ಏರಿಯ ಮಣ್ಣು ದಾರಿಗಳಲ್ಲಿ, ಊರವರನ್ನು ಕೇಳಿಕೊಂಡು, ಗದ್ದೆ ತೆಂಗು ನೋಡುತ್ತ ಸಾಗಬಹುದು.

ಕೊನೆಗೆ ಮರಳು

ತಮಿಳುನಾಡಿನ ಮರಳುಗಾಡು ಎಂದರೆ ತೂತುಕುಡಿ ಸೀಮೆಯ ಕೆಂಪು ತೇರಿ. ಕನ್ನಡಿಗರಿಗೆ ಮರಳು ಎಂದೊಡನೆ ನೆನಪಾಗುವುದು ಅಲಮೇಲಮ್ಮನ ಶಾಪ, ತಲಕಾಡು. ಗಂಗರ ರಾಜಧಾನಿಯಾಗಿದ್ದ ಈ ಊರನ್ನು ಚೋಳರಿಂದ ಗೆದ್ದ ಹೊಯ್ಸಳ ವಿಷ್ಣುವರ್ಧನ ಇಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಕಾವೇರಿಯ ತಿರುವು, ಗಾಳಿ, ಮೇಲ್ದಂಡೆಯ ಮಾಧವಮಂತ್ರಿ ಕಟ್ಟೆಯಿಂದ ಬದಲಾದ ಹರಿವು ಮರಳಿಗೆ ಕಾರಣ ಎನ್ನುತ್ತಾರೆ ತಿಳಿದವರು. ದೇವಾಲಯಗಳ ನಡುವಿನ ಮರಳಿನಲ್ಲಿ ಸೈಕಲ್ ತುಳಿಯುವ ಪ್ರಯತ್ನ ಬೇಡ, ಚಕ್ರ ಹೂತು ನಿಲ್ಲುತ್ತದೆ. ಸೈಕಲ್ ಹೊರಗೆ ನಿಲ್ಲಿಸಿ, ನಡೆದೇ ನೋಡಬೇಕು.

ತಯಾರಿ ಹೇಗೆ?

ಡಿಸೆಂಬರ್, ಜನವರಿ ಸೂಕ್ತ ಕಾಲ. ಫೆಬ್ರವರಿಯ ನಂತರ ಬಿಸಿಲು, ಕಾಡ್ಗಿಚ್ಚಿನ ಭಯ. ಮೂರು ತಿಂಗಳ ಮುಂಚೆಯೇ ಅಭ್ಯಾಸ ಶುರುವಾಗಬೇಕು. ಏರಿನ ಅಭ್ಯಾಸಕ್ಕೆ ಜೋಲಾರ್‌ಪೇಟೆ ಸಮೀಪದ ಏಲಗಿರಿಯ 14 ತಿರುವುಗಳು ಒಳ್ಳೆಯವು. ರೈಲಿನಲ್ಲಿ ಸೈಕಲ್ ಒಯ್ಯಲು ಸೆಂಟ್ರಲ್ ನಿಲ್ದಾಣದ ಪಾರ್ಸಲ್ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ ಬುಕ್ ಮಾಡಬೇಕು. ನಾಲ್ವರಿಗಿಂತ ಕಡಿಮೆ ಜನ ಹೊರಡಬಾರದು.

ಸಂಘದ ಹಿರಿಯರಿಗೂ ಇದರಲ್ಲಿ ಪಾಲಿದೆ. ತುಳಿಯಲಾಗದವರು ವ್ಯಾನಿನಲ್ಲಿ ಹಿಂದೆ ಬಂದರೆ ನೀರು, ಸಾಮಾನು, ಸುಸ್ತಾದವರು ಎಲ್ಲಕ್ಕೂ ಆಸರೆ. ತಾಳವಾಡಿಯ ಹೋಟೆಲಿನಲ್ಲಿ ತಮಿಳುನಾಡಿನ ನೆಲದ ಮೇಲೆಯೇ ಕನ್ನಡದಲ್ಲಿ ಕಾಫಿ ಕೇಳುವ ಸುಖ ಅವರಿಗೂ ಸಿಗುತ್ತದೆ.