ಖಾಲಿ ಪ್ಯಾಕೇಜು ತರುವ ಕನ್ನಡ ಫಾಂಟುಗಳು

ಒಂದು ತಂತ್ರಾಂಶ ಕೆಲಸ ಮಾಡಲು ಗಣಕದಲ್ಲಿ ಮೊದಲೇ ಇರಬೇಕಾದ ಇತರ ತಂತ್ರಾಂಶಗಳನ್ನು ಅದರ ಅವಲಂಬನೆಗಳೆಂದು ಕರೆಯಲಾಗುತ್ತದೆ. ಯಾವುದಾದರೂ ಉಬುಂಟು ಗಣಕದಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ’ ಎಂಬ ಆದೇಶ ಕೊಟ್ಟರೆ ಬರುವ ಪ್ಯಾಕೇಜಿನಲ್ಲಿ, ವಿಚಿತ್ರವೆಂಬಂತೆ, ಒಂದು ಫಾಂಟೂ ಇರುವುದಿಲ್ಲ. ಅದರಲ್ಲಿರುವುದು ಮುಖ್ಯವಾಗಿ ಅವಲಂಬನೆಗಳ ಪಟ್ಟಿ. 1999ರಲ್ಲಿ, ಉಬುಂಟುವಿಗೆ ಆಧಾರವಾದ ಡೆಬಿಯನ್‌ನ 2.1 ಆವೃತ್ತಿಯೊಂದಿಗೆ ಬಂದ ಆಪ್ಟ್ ಎಂಬ ಪ್ಯಾಕೇಜ್ ನಿರ್ವಾಹಕವು ಆ ಪಟ್ಟಿಯನ್ನು ಓದಿ, ಗಣಕದಲ್ಲಿ ಈಗಾಗಲೇ ಇರುವುದನ್ನು ಬಿಟ್ಟು, ಗುಬ್ಬಿ, ನವಿಲು, ಲೋಹಿತ್ ಫಾಂಟುಗಳಲ್ಲಿ ಉಳಿದುದನ್ನು ಅಂತರಜಾಲದ ಭಂಡಾರದಿಂದ ತಾನೇ ತಂದು ಸ್ಥಾಪಿಸುತ್ತದೆ.

ವಿಂಡೋಸ್‌ನ ರೂಢಿ ಬೇರೆ. ಅಲ್ಲಿ ಸೆಟಪ್ ಕಡತವು ತನಗೆ ಬೇಕಾದ ಡಿಎಲ್‌ಎಲ್‌ಗಳನ್ನು, ಅಂದರೆ ಹಲವು ತಂತ್ರಾಂಶಗಳು ಹಂಚಿಕೊಳ್ಳಬಲ್ಲ ಸಿದ್ಧ ಸಂಕೇತದ ಕಡತಗಳನ್ನು, ಬಹುಮಟ್ಟಿಗೆ ಜೊತೆಯಲ್ಲೇ ಹೊತ್ತು ತರುತ್ತದೆ. ತರದಿದ್ದರೆ ‘ಡಿಎಲ್‌ಎಲ್ ಸಿಗಲಿಲ್ಲ’ ಎಂಬ ದೂರು ತೆರೆಯ ಮೇಲೆ ಮೂಡುತ್ತದೆ. ಮ್ಯಾಕ್‌ಓಎಸ್, ಆಂಡ್ರಾಯ್ಡ್ ಆ್ಯಪ್‌ಗಳೂ ಹೀಗೆಯೇ ಬುತ್ತಿ ಕಟ್ಟಿಕೊಂಡು ಬರುವಂಥವು.

ಹಂಚಿಕೊಂಡ ಭಾಗವನ್ನು ಒಮ್ಮೆ ತಿದ್ದಿದರೆ ಅದನ್ನು ಬಳಸುವ ಎಲ್ಲ ತಂತ್ರಾಂಶಗಳಿಗೂ ತಿದ್ದುಪಡಿ ತಲುಪುವುದರಿಂದ ಆಪ್ಟ್‌ನ ಕ್ರಮವೇ ಮೇಲು. ಆದರೆ ಇಂಟರ್‌ನೆಟ್ ಇಲ್ಲದ ಗಣಕಕ್ಕೆ ಪೆನ್‌ಡ್ರೈವಿನಲ್ಲಿ ಒಯ್ಯುವಾಗ ಪ್ಯಾಕೇಜು ಒಂದೇ ಸಾಲದು, ಅದರ ಅವಲಂಬನೆಗಳನ್ನೂ ಒಯ್ಯಬೇಕಾಗುತ್ತದೆ.