ಎಲೆಕ್ಟ್ರಿಕ್ ಸೈಕಲ್: ತುಳಿತದ ಪಾಲು, ಮೋಟರಿನ ಪಾಲು

ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಚಕ್ರ ತಿರುಗಿಸುವ ಕೆಲಸ ಇಬ್ಬರದು: ಕಾಲು ಒಂದಷ್ಟು ಕೊಡುತ್ತದೆ, ಮೋಟರು ಉಳಿದದ್ದನ್ನು ತುಂಬುತ್ತದೆ. ತುಳಿತಕ್ಕೆ ತಕ್ಕಂತೆ ನೆರವಾಗುವ ಇಂಥ ಸೈಕಲ್ಲನ್ನು ಜಪಾನಿನ ಯಮಾಹಾ 1993ರಲ್ಲಿ ಮಾರುಕಟ್ಟೆಗೆ ತಂದಿತು. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು ಇದಕ್ಕೆ ಒಂದು ಮಿತಿ ಹಾಕಿವೆ. ಮೋಟರು ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದರೆ ಅದು ಮೋಟಾರು ವಾಹನವೆನಿಸುವುದಿಲ್ಲ. ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. 250 ವಾಟ್ ಸಣ್ಣ ಸಂಖ್ಯೆಯಂತೆ ಕಂಡರೂ ಸೈಕಲ್ಲಿಗೆ ಅದು ದೊಡ್ಡದೇ. ಕ್ರೀಡಾಪಟುವಲ್ಲದ ಆರೋಗ್ಯವಂತರು ಒಂದು ತಾಸು ಬಿಡದೆ ತುಳಿದರೆ ಕೊಡಬಲ್ಲದ್ದು 75ರಿಂದ 100 ವಾಟ್ ಅಷ್ಟೆ.

ಮೋಟರು ಯಾವಾಗ, ಎಷ್ಟು ನೆರವಾಗಬೇಕು ಎಂಬುದನ್ನು ನಿರ್ಧರಿಸುವುದು ಕಂಟ್ರೋಲರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರ್‌ಗಳಲ್ಲಿ ಎರಡು ಬಗೆ. ಅಗ್ಗದ ಸೈಕಲ್ಲುಗಳಲ್ಲಿ ಪೆಡಲಿನ ಅಚ್ಚಿನ ಬಳಿ ಸಣ್ಣ ಅಯಸ್ಕಾಂತಗಳಿರುವ ಬಿಲ್ಲೆಯೊಂದು ಇರುತ್ತದೆ. ಪೆಡಲ್ ತಿರುಗುತ್ತಿದೆಯೇ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಹಗುರವಾಗಿ ಸುತ್ತಿದರೂ ಬಲವಾಗಿ ತುಳಿದರೂ ನೆರವು ಒಂದೇ. ತುಳಿಯಲು ಶುರು ಮಾಡಿ ಅರೆಕ್ಷಣ ಕಳೆದ ಮೇಲೆ ಸೈಕಲ್ ತಟ್ಟನೆ ಮುಂದಕ್ಕೆ ನುಗ್ಗುವುದೂ ಇದರಿಂದಲೇ. ದುಬಾರಿ ಸೈಕಲ್ಲುಗಳ ಟಾರ್ಕ್ ಸೆನ್ಸರ್ ಹಾಗಲ್ಲ. ಕಾಲು ಎಷ್ಟು ಒತ್ತುತ್ತಿದೆ ಎಂಬುದನ್ನೇ ಅಳೆದು, ಆ ಅಳತೆಗೆ ತಕ್ಕಷ್ಟು ನೆರವು ಕೊಡಿಸುತ್ತದೆ. ಕೊಳ್ಳುವವರು ಬಣ್ಣ, ಡಿಸ್‌ಪ್ಲೇ ನೋಡುವ ಮೊದಲು ಸೆನ್ಸರ್ ಯಾವ ಬಗೆಯದೆಂದು ಕೇಳಬೇಕು. ಸವಾರಿಯ ಸುಖ ಬಹುಪಾಲು ನಿಂತಿರುವುದು ಇದರ ಮೇಲೆ. ಭಾರತದ ಅನೇಕ ಮಾದರಿಗಳಲ್ಲಿ ಥ್ರಾಟಲ್ ಕೂಡ ಇರುತ್ತದೆ. ಅದನ್ನು ತಿರುವಿದರೆ ಪೆಡಲ್ ಮುಟ್ಟದೆಯೂ ಸೈಕಲ್ ಓಡುತ್ತದೆ, ಆದರೆ ಆಗ ಪೂರ್ತಿ ಹೊರೆ ಬ್ಯಾಟರಿಯದೇ.

ಹೆಚ್ಚಿನ ಸೈಕಲ್ಲುಗಳಲ್ಲಿ ಮೋಟರು ಇರುವುದು ಹಿಂಚಕ್ರದ ಹಬ್‌ನೊಳಗೆ. ರಚನೆ ಸರಳ, ಬೆಲೆ ಕಡಿಮೆ. ಆದರೆ ಅದು ಚಕ್ರದ ವೇಗಕ್ಕೇ ಕಟ್ಟುಬಿದ್ದಿರುತ್ತದೆ. ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದಾಗ ಕರೆಂಟು ಹೆಚ್ಚು ಎಳೆಯುತ್ತದೆ, ಅದರಲ್ಲಿ ಬಹಳಷ್ಟು ಬರಿಯ ಬಿಸಿಯಾಗಿ ಹೋಗುತ್ತದೆ. ಪೆಡಲಿನ ಬಳಿಯೇ ಕೂರಿಸಿದ ಮೋಟರು ಚೈನ್ ಮತ್ತು ಗೇರುಗಳ ಮೂಲಕ ಎಳೆಯುತ್ತದೆ; ಸವಾರರು ಗೇರು ಇಳಿಸಿದರೆ ಮೋಟರಿಗೂ ಏರು ಹಗುರವಾಗುತ್ತದೆ. ಬೆಟ್ಟದೂರುಗಳಿಗೆ ಇದೇ ಮೇಲು. ಬದಲಿಗೆ ಬೆಲೆ ಏರುತ್ತದೆ, ಚೈನ್ ಬೇಗ ಸವೆಯುತ್ತದೆ.

ಇನ್ನು ಬ್ಯಾಟರಿ. ಸಾಮಾನ್ಯವಾಗಿ ಕಾಣುವ 36 ವೋಲ್ಟ್ ಬ್ಯಾಟರಿಯೊಳಗೆ ತಲಾ 3.6 ವೋಲ್ಟಿನ ಹತ್ತು ಲಿಥಿಯಂ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಇಂಥ ಸಾಲುಗಳು ಹೆಚ್ಚಿದಷ್ಟೂ ಆಂಪಿಯರ್-ಅವರ್ ಹೆಚ್ಚು. ವೋಲ್ಟನ್ನೂ ಆಂಪಿಯರ್-ಅವರನ್ನೂ ಗುಣಿಸಿದರೆ ಬರುವ ವಾಟ್-ಅವರ್ ಎಂಬ ಅಂಕಿಯೇ ಬ್ಯಾಟರಿಯ ನಿಜವಾದ ಅಳತೆ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 360 ವಾಟ್-ಅವರ್; ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮೂರನೇ ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಜಾಹೀರಾತುಗಳು ಮಾತ್ರ ಈ ಅಂಕಿಯನ್ನು ಹಿಂದಕ್ಕೆ ಸರಿಸಿ ಕಿಲೋಮೀಟರುಗಳನ್ನು ದಪ್ಪಕ್ಷರದಲ್ಲಿ ಹಾಕುತ್ತವೆ. ಕಿಲೋಮೀಟರು ಬ್ಯಾಟರಿಯೊಂದರ ಗುಣವಲ್ಲ. ಬ್ಯಾಟರಿಯಲ್ಲಿರುವುದನ್ನು ಪ್ರತಿ ಕಿಲೋಮೀಟರಿನ ಖರ್ಚಿನಿಂದ ಭಾಗಿಸಿದಾಗ ಸಿಗುವ ಉತ್ತರ ಅದು, ಮತ್ತು ಆ ಖರ್ಚು ರಸ್ತೆಗೂ ಸವಾರರಿಗೂ ತಕ್ಕಂತೆ ಬದಲಾಗುತ್ತದೆ.

ಚೆನ್ನಾಗಿ ತುಳಿಯುತ್ತ ಸಮತಟ್ಟು ರಸ್ತೆಯಲ್ಲಿ ಹೋದರೆ ಕಿಲೋಮೀಟರಿಗೆ ಸುಮಾರು 8 ವಾಟ್-ಅವರ್ ಸಾಕು. ಆಗ 360 ವಾಟ್-ಅವರ್ ಬ್ಯಾಟರಿ 45 ಕಿ.ಮೀ. ಬರುತ್ತದೆ. ಬರೀ ಥ್ರಾಟಲ್ ಹಿಡಿದು ಹೋದರೆ ಖರ್ಚು 15ಕ್ಕೂ ಏರಬಹುದು. ಆಗ ಉಳಿಯುವುದು 24 ಕಿ.ಮೀ. ವೇಗದ ಲೆಕ್ಕ ಇನ್ನೂ ಕಟ್ಟುನಿಟ್ಟು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿ.ಮೀ. ಇದ್ದದ್ದು 25 ಆದರೆ ವೇಗ ಹೆಚ್ಚಿದ್ದು ಕಾಲುಭಾಗ, ಗಾಳಿಗೆ ತೆರಬೇಕಾದ ಶಕ್ತಿ ಮಾತ್ರ ಹತ್ತಿರ ಹತ್ತಿರ ಎರಡರಷ್ಟು. ಎದುರುಗಾಳಿ ಬೀಸಿದರೂ ಇದೇ ಪಾಡು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಅದೂ ಸದ್ದಿಲ್ಲದೆ ಬ್ಯಾಟರಿ ತಿನ್ನುತ್ತದೆ.

ಏರಿನ ಲೆಕ್ಕದಲ್ಲಿ ತೂಕವೇ ಮುಖ್ಯ. ಸವಾರ, ಸೈಕಲ್ ಸೇರಿ 100 ಕಿಲೋ ಇದ್ದರೆ 100 ಮೀಟರ್ ಎತ್ತರಕ್ಕೆ ಏರಿಸಲು 27 ವಾಟ್-ಅವರ್ ಬೇಕೇ ಬೇಕು. ಮೋಟರಿನ ನಷ್ಟ ಇದಕ್ಕೆ ಮೇಲೆ. ಮೈಸೂರಿನಿಂದ ಸುಮಾರು 300 ಮೀಟರ್ ಎತ್ತರದ ಚಾಮುಂಡಿ ಬೆಟ್ಟವನ್ನು ಮೋಟರಿನಿಂದಲೇ ಹತ್ತಿಸಿದರೆ ಏರಿಗೇ 80 ವಾಟ್-ಅವರ್ ದಾಟುತ್ತದೆ. ನಷ್ಟವೂ ಸೇರಿದರೆ 360ರ ಬ್ಯಾಟರಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಬೆಟ್ಟಕ್ಕೇ ಹೋಯಿತು. ಇಳಿಯುವಾಗ ಅದು ವಾಪಸು ಬರುತ್ತದೆಂಬ ನಂಬಿಕೆ ಹಲವರಲ್ಲಿದೆ. ಒಳಗೆ ಗೇರಿರುವ ಹಬ್ ಮೋಟರು ಇಳಿಜಾರಿನಲ್ಲಿ ಚಕ್ರದಿಂದ ಬಿಡಿಸಿಕೊಂಡು ಸುಮ್ಮನಿರುತ್ತದೆ. ಹೀಗಾಗಿ ಅಲ್ಲಿ ಚಾರ್ಜ್ ಆಗುವ ಮಾತೇ ಇಲ್ಲ. ಗೇರಿಲ್ಲದ ಹಬ್ ಮೋಟರು ಒಂದಿಷ್ಟು ಮರಳಿಸಬಲ್ಲದು, ಆದರೆ ಅದು ಅಲ್ಪ.

ಹೊಸದರಲ್ಲಿ ಬಂದಷ್ಟೇ ದೂರ ಕೊನೆತನಕ ಬರುವುದಿಲ್ಲ. ಸುಮಾರು 500 ಪೂರ್ಣ ಚಾರ್ಜುಗಳ ಹೊತ್ತಿಗೆ ಸಾಧಾರಣ ಲಿಥಿಯಂ-ಅಯಾನ್ ಸೆಲ್ಲಿನ ಸಾಮರ್ಥ್ಯ ಮೊದಲಿನ ಶೇಕಡಾ 80ಕ್ಕೆ ಇಳಿಯುತ್ತದೆ; ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಇದಕ್ಕಿಂತ ಬಹಳ ಕಾಲ ಬಾಳುತ್ತವೆ, ಆದರೆ ಭಾರ ಹೆಚ್ಚು. ಸವೆತವನ್ನು ಬೇಗ ತರುವುದು ಬಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸೈಕಲ್ಲನ್ನು ಬಿಸಿಲಲ್ಲಿ ನಿಲ್ಲಿಸುವುದಕ್ಕಿಂತ ಬ್ಯಾಟರಿ ಬಿಚ್ಚಿ ನೆರಳಿಗೆ ಒಯ್ಯುವುದು ಒಳಿತು. ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಆರಲು ಬಿಡಬೇಕು. ವಾರಗಟ್ಟಲೆ ಬಳಸದಿದ್ದರೆ ಪೂರ್ತಿ ತುಂಬಿಸಿಯೂ ಪೂರ್ತಿ ಖಾಲಿ ಮಾಡಿಯೂ ಇಡದೆ, ಅರ್ಧದ ಆಸುಪಾಸಿನಲ್ಲಿ ಇಡುವುದು ಸರಿ.